ಲ್ಯಾಪ್‌ಟಾಪಿನ ಪರದೆಯೂ ನಮ್ಮ ಕಣ್ಣೂ

ಇಂದ್ರಿಯಗಳಲ್ಲಿ ಕಣ್ಣಿಗೇ ಅಗ್ರಸ್ಥಾನವೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಕಣ್ಣಿನ ದೋಷವನ್ನು ಯಂತ್ರದ ಮೇಲೆ ಹೊರಿಸುವ ರೂಢಿಯೊಂದು ಈಚೆಗೆ ನಮ್ಮಲ್ಲಿ ಬೆಳೆಯುತ್ತಿದೆ. ಹಿಮಾಯತ್‌ನಗರ, ನಾರಾಯಣಗುಡಾ, ಕಾಚಿಗುಡಾಗಳ ಕನ್ನಡ ಮನೆಗಳಲ್ಲಿ ಎಂಟು ಹತ್ತು ವರ್ಷದ ಲ್ಯಾಪ್‌ಟಾಪೊಂದು ಇಲ್ಲದಿರುವುದು ಅಪರೂಪ. ಮಗನೋ ಮಗಳೋ ಕಾಲೇಜಿಗೆಂದು ಕೊಂಡದ್ದು, ಅವರು ಉದ್ಯೋಗಕ್ಕೆ ಸೇರಿದ ಮೇಲೆ ತಂದೆತಾಯಿಯರ ಪಾಲಿಗೆ ಬಂದಿರುತ್ತದೆ. ಊರಿನ ಪತ್ರಿಕೆಯನ್ನು ಓದುವುದು, ಪಿಂಚಣಿಯ ಲೆಕ್ಕ ನೋಡುವುದು, ದೂರದಲ್ಲಿರುವ ಮೊಮ್ಮಕ್ಕಳೊಡನೆ ಮಾತನಾಡುವುದು ಎಲ್ಲವೂ ಅದರಲ್ಲಿಯೇ. ಅಂಥ ಮನೆಗೆ ಹೊಸ ಲ್ಯಾಪ್‌ಟಾಪೊಂದು ಬಂದು ಪಕ್ಕದಲ್ಲಿ ಕುಳಿತೊಡನೆ ಹಳೆಯದರ ಪರದೆ ಮಂಕಾಗಿ ತೋರುತ್ತದೆ. ಇದರಿಂದಲೇ ಕಣ್ಣು ಕೆಡುತ್ತಿದೆಯೇನೋ ಎಂಬ ಶಂಕೆಯೂ ಹುಟ್ಟುತ್ತದೆ. ಐವತ್ತು ಅರವತ್ತು ಸಾವಿರ ರೂಪಾಯಿ ತೆರುವ ಮುನ್ನ ಈ ಶಂಕೆಯನ್ನು ಪರಿಶೀಲಿಸುವುದು ಲೇಸು.

ಹೊಸ ಪರದೆ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. 2010ರ ದಶಕದಲ್ಲಿ ಮಧ್ಯಮ ಬೆಲೆಗೆ ದೊರೆಯುತ್ತಿದ್ದ ಲ್ಯಾಪ್‌ಟಾಪುಗಳ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 1366, ಮೇಲಿನಿಂದ ಕೆಳಕ್ಕೆ 768 ಬಿಂದುಗಳಿರುತ್ತಿದ್ದವು. 15.6 ಅಂಗುಲದ ಪರದೆಗೆ ಇದು ಅಂಗುಲವೊಂದಕ್ಕೆ ಸುಮಾರು 100 ಬಿಂದುಗಳಾಯಿತು. ಈಗ ಬಳಕೆಯಲ್ಲಿರುವ 1920ಕ್ಕೆ 1080ರ ಪರದೆಯಲ್ಲಿ ಅದು 141 ಆಗುತ್ತದೆ. ಇಂಗ್ಲಿಷ್ ಓದುವವನಿಗೆ ಈ ವ್ಯತ್ಯಾಸ ಅಷ್ಟಾಗಿ ತೋರದು, ಕನ್ನಡಕ್ಕೆ ಹಾಗಲ್ಲ. ನಮ್ಮ ಅಕ್ಷರಕ್ಕೆ ತಲೆಕಟ್ಟುಂಟು, ಗುಣಿತದ ಚಿಹ್ನೆಯುಂಟು, ಅಡಿಯಲ್ಲಿ ಒತ್ತಕ್ಷರವುಂಟು. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಅಂತರ ಕೆಳಗಿನ ಒಂದು ಪುಟ್ಟ ಗೀಟು. 'ಸ್ತ್ರೀ' ಎಂದು ಬರೆಯಲು ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ಸೇರಬೇಕು. ಬಿಂದುಗಳು ವಿರಳವಾದಾಗ ಇವೆಲ್ಲ ಒಂದರಲ್ಲೊಂದು ಕಲೆತು ಮಸಿಯ ಮುದ್ದೆಯಂತಾಗುತ್ತವೆ. ಕನ್ನಡ ಓದುವಾಗ ಮಾತ್ರ ಕಣ್ಣು ಬೇಗ ದಣಿಯುತ್ತದೆಂದು ಹೇಳುವವರ ದೂರಿನಲ್ಲಿ ಹೀಗೆ ಸತ್ಯಾಂಶವುಂಟು.

ಆದರೆ ಇದಕ್ಕೆ ಪರಿಹಾರ ಖರ್ಚಿಲ್ಲದ್ದು. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಅಧಿಕ ಚಿಹ್ನೆಯ ಕೀಲಿಯನ್ನು ಒತ್ತಿದರೆ ಓದುತ್ತಿರುವ ಪುಟದ ಅಕ್ಷರ ಹಿಗ್ಗುತ್ತದೆ. ಒಂದೂವರೆ ಪಟ್ಟು ಹಿಗ್ಗಿಸಿದಾಗ, ಹೊಸ ಪರದೆಯಲ್ಲಿ ಮೊದಲಿನ ಗಾತ್ರದ ಅಕ್ಷರಕ್ಕೆ ದೊರೆಯುವಷ್ಟೇ ಬಿಂದುಗಳು ಹಳೆಯ ಪರದೆಯ ಅಕ್ಷರಕ್ಕೂ ದೊರೆಯುತ್ತವೆ. ಪುಟಕ್ಕೆ ಕೆಲವು ಸಾಲು ಕಡಿಮೆ ಕಾಣುವುದಷ್ಟೇ ನಷ್ಟ.

ಇನ್ನು ಹಳೆಯ ಪರದೆ ಕಣ್ಣನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆ. ಕೆಡಿಸುವುದಿಲ್ಲ, ದಣಿಸುತ್ತದೆ. ಹೊಸದೂ ದಣಿಸುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು ಹದಿನೈದು ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಕುಳಿತಾಗ ಅದು ಅರ್ಧಕ್ಕೂ ಇಳಿಯುವುದುಂಟು. ಕಣ್ಣಿನ ತೇವ ಆರಿ ಉರಿ ಕಾಣಿಸಿಕೊಳ್ಳುತ್ತದೆ. ನೀಲಿ ಬೆಳಕನ್ನು ತಡೆಯುವುದೆಂದು ಮಾರುವ ಕನ್ನಡಕಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಪರಾಮರ್ಶಿಸಿ, ಇವು ಸಾಮಾನ್ಯ ಗಾಜಿಗಿಂತ ಕಣ್ಣಿನ ದಣಿವನ್ನು ಹೆಚ್ಚಾಗಿ ತಗ್ಗಿಸುವಂತೆ ತೋರುವುದಿಲ್ಲವೆಂದು ತಿಳಿಸಿತು. ಅಂಗಡಿಯವರು ಇದನ್ನು ಹೇಳುವುದನ್ನು ನಾನಂತೂ ಕೇಳಿಲ್ಲ.

ಚಾಳೀಸು ಕನ್ನಡಕ ಧರಿಸುವವರ ತೊಂದರೆ ಬೇರೆಯೇ ಬಗೆಯದು. ಆ ಕನ್ನಡಕವನ್ನು ಪುಸ್ತಕ ಹಿಡಿಯುವ ದೂರಕ್ಕೆ, ಎಂದರೆ 35ರಿಂದ 40 ಸೆಂಟಿಮೀಟರಿಗೆ, ಹೊಂದಿಸಿರುತ್ತಾರೆ. ಲ್ಯಾಪ್‌ಟಾಪು ಇರುವುದು 50ರಿಂದ 70 ಸೆಂಟಿಮೀಟರ್ ದೂರದಲ್ಲಿ. ಎರಡು ನೋಟದ ಕನ್ನಡಕದವರು ಗಾಜಿನ ಕೆಳಭಾಗದಿಂದ ನೋಡಲು ಗದ್ದವನ್ನು ಮೇಲೆತ್ತಿ ಮುಂದಕ್ಕೆ ಬಾಗುತ್ತಾರೆ, ಸಂಜೆಗೆ ಕತ್ತುನೋವು. ವೈದ್ಯರ ಬಳಿ ಹೋಗುವಾಗ ತಮ್ಮ ಕಣ್ಣಿನಿಂದ ಪರದೆಗಿರುವ ದೂರವನ್ನು ಟೇಪಿನಿಂದ ಅಳೆದುಕೊಂಡು ಹೋದರೆ ಅದಕ್ಕೆ ತಕ್ಕ ಗಾಜನ್ನು ಬರೆದುಕೊಡುತ್ತಾರೆ. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಇದರ ಬೆಲೆ ಅತ್ಯಲ್ಪ.

ಇಲ್ಲಿ ಅತ್ಯಂತ ಎಚ್ಚರಿಕೆಯಿಂದ ಗಮನಿಸತಕ್ಕ ವಿಷಯವೊಂದಿದೆ. ಅರವತ್ತು ದಾಟಿದವರು ಪರದೆ ಮಂಕಾಗಿದೆ ಎಂದಾಗ, ಮಂಕಾಗಿರುವುದು ಪರದೆಯೋ ಕಣ್ಣೋ ಎಂದು ಮೊದಲು ನಿರ್ಧರಿಸಬೇಕು. ಕಣ್ಣಿನ ಪೊರೆ ನಿಧಾನವಾಗಿ, ನೋವಿಲ್ಲದೆ ಬೆಳೆಯುತ್ತದೆ. ಬಿಳುಪು ಹಳದಿಗೆ ತಿರುಗುತ್ತದೆ, ದೀಪದ ಸುತ್ತ ಪ್ರಭೆ ಕಾಣುತ್ತದೆ. ಪರದೆಯ ಬೆಳಕನ್ನು ಹೆಚ್ಚಿಸುತ್ತ ಹೋದ ವ್ಯಕ್ತಿ ತಿಂಗಳುಗಟ್ಟಲೆ ಕಳೆಯಬಹುದು. ಗೋಡೆಯ ಪಂಚಾಂಗವನ್ನು ಒಂದೊಂದೇ ಕಣ್ಣನ್ನು ಮುಚ್ಚಿ ಓದಿ ನೋಡಿರಿ. ಕಾಗದವೂ ಮಂಕಾಗಿದ್ದರೆ ಯಂತ್ರ ನಿರಪರಾಧಿ. ಲೆಕ್ಕದ ಪಟ್ಟಿಯ ನೇರ ಗೆರೆಗಳು ಡೊಂಕಾಗಿ ತೋರಿದರೆ ಅಕ್ಷಿಪಟಲದ ನಡುಭಾಗಕ್ಕೆ ತೊಂದರೆಯಾಗಿರಬಹುದು. ಅಂದು ಪರದೆಯ ವಿಚಾರ ಬಿಟ್ಟು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಸಕ್ಕರೆ ಕಾಯಿಲೆ ಇರುವವರಂತೂ ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಿಕೊಳ್ಳಬೇಕು. ಮೆಹದಿಪಟ್ಟಣದ ಸರೋಜಿನಿ ದೇವಿ ಸರ್ಕಾರಿ ಕಣ್ಣಾಸ್ಪತ್ರೆ, ಬಂಜಾರಾ ಹಿಲ್ಸಿನಲ್ಲಿರುವ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಎರಡೂ ಈ ನಗರದಲ್ಲಿಯೇ ಇರುವುದು ನಮ್ಮ ಭಾಗ್ಯ.

ಪರೀಕ್ಷೆಯ ನಂತರವೂ ದೋಷ ಪರದೆಯದೇ ಎಂದು ಖಚಿತವಾದರೆ ಲ್ಯಾಪ್‌ಟಾಪನ್ನೇ ಎಸೆಯಬೇಕಿಲ್ಲ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನಲ್ಲಿ, ಜನರ ಬಾಯಲ್ಲಿ ಸಿ.ಟಿ.ಸಿ., ಪರದೆಯನ್ನಷ್ಟೇ ಬದಲಿಸಿಕೊಡುವ ಅಂಗಡಿಗಳುಂಟು. ಹಳೆಯ ಪರದೆಗೆ 40 ಪಿನ್ನಿನ ಜೋಡಣೆಯೂ ಹೊಸದಕ್ಕೆ 30 ಪಿನ್ನಿನದೂ ಇರುವುದುಂಟಾದ್ದರಿಂದ ಎಲ್ಲವೂ ಎಲ್ಲಕ್ಕೂ ಕೂಡವು, ಮೊದಲೇ ವಿಚಾರಿಸಬೇಕು. ಇಪ್ಪತ್ತೆರಡು ಅಂಗುಲದ ಮಾನಿಟರನ್ನು ತಂದು ಮೇಜಿನ ಮೇಲಿಟ್ಟು ತಂತಿಯಿಂದ ಜೋಡಿಸುವುದು ನನ್ನ ಮಟ್ಟಿಗೆ ಇನ್ನೂ ಮೇಲು, ಏಕೆಂದರೆ ಅಕ್ಷರವನ್ನು ದೊಡ್ಡದಾಗಿಸಲು ಸ್ಥಳವೂ ದೊರೆಯುತ್ತದೆ, ಕತ್ತೂ ಬಾಗುವುದಿಲ್ಲ.

ಹಳೆಯ ಯಂತ್ರವನ್ನು ನಿಜವಾಗಿ ನಿರುಪಯುಕ್ತವಾಗಿಸುವುದು ಬೇರೊಂದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕಾದರೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆಯೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಹತ್ತು ವರ್ಷದ ಬಹುತೇಕ ಲ್ಯಾಪ್‌ಟಾಪುಗಳು ಇದರಲ್ಲಿ ತೇರ್ಗಡೆಯಾಗವು. ಪರದೆ ಎಷ್ಟೇ ಚೆನ್ನಾಗಿರಲಿ, ರಕ್ಷಣೆಯ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಪಾಯಕರ. ಪತ್ರಿಕೆ ಓದಲು, ಬರೆಯಲು ಮಾತ್ರ ಬಳಸುವವರು ತಿಳಿದವರಿಂದ ಲಿನಕ್ಸ್ ಹಾಕಿಸಿಕೊಂಡರೆ ಇನ್ನೂ ಕೆಲವು ವರ್ಷ ದೂಡಬಹುದು. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೇಳುತ್ತಿದ್ದರೆ ಮಾತ್ರ ಒಂದು ದಿನವೂ ಇಟ್ಟುಕೊಳ್ಳಬಾರದು. ಅದನ್ನು ಗುಜರಿಯವನಿಗೆ ಹಾಕದೆ, ಇ-ತ್ಯಾಜ್ಯ ಸ್ವೀಕರಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸತಕ್ಕದ್ದು.