ಕೆಲಸವಿಲ್ಲದೆ ಹೋದ ಪಟ್ಟಣ

ಮೈಸೂರು ಬಿಟ್ಟ ಪ್ಯಾಸೆಂಜರ್ ರೈಲು ನಾಗನಹಳ್ಳಿಯಲ್ಲಿ ಒಂದು ಗಳಿಗೆ ನಿಂತು ಮತ್ತೆ ವೇಗ ಹಿಡಿಯುವಷ್ಟರಲ್ಲಿ ಶ್ರೀರಂಗಪಟ್ಟಣ ಬಂದೇಬಿಡುತ್ತದೆ. ಕಬ್ಬಿನ ಗದ್ದೆ, ತೆಂಗಿನ ತೋಟ, ಮತ್ತೆ ಕಬ್ಬು. ಇದ್ದಕ್ಕಿದ್ದಂತೆ ಕೆಳಗೆ ಹೊಳೆ. ಸೇತುವೆ ಹತ್ತಿದ ಕೂಡಲೇ ಚಕ್ರದ ಸದ್ದು ಬದಲಾಗುತ್ತದೆ, ಕಿಟಕಿ ಪಕ್ಕ ಕೂತವರೆಲ್ಲ ಒಮ್ಮೆ ಕತ್ತು ಚಾಚುತ್ತಾರೆ. ಒಬ್ಬರು ಕೈಮುಗಿಯುತ್ತಾರೆ, ಇನ್ನೊಬ್ಬರು ಚಿಲ್ಲರೆ ಎಸೆಯುತ್ತಾರೆ. ನೀರು ಮುಗಿಯುತ್ತಲೇ ಕೋಟೆ. ಹಳಿ ಗೋಡೆಯನ್ನು ಸೀಳಿಕೊಂಡು ಒಳಗೇ ಬಂದುಬಿಟ್ಟಿದೆ. "ಅಮ್ಮ, ನಾವು ಕೋಟೆ ಒಳಗೇ ಇಳಿಯೋದಾ?" ಎಂದು ಮಗಳು ಎದ್ದು ನಿಂತಳು.

ಅದು ಫೆಬ್ರವರಿಯ ಒಂದು ಶನಿವಾರ. ಶಾಲೆ ಅರ್ಧ ದಿನ. ಊಟದ ತಟ್ಟೆ ಮುಂದೆ ಚಿಕ್ಕವನು "ಇವತ್ತು ಎಲ್ಲಿಗಾದ್ರೂ ಹೋಗೋಣ" ಅಂದ. ವಾರವಾರವೂ ಅನ್ನುವ ಮಾತೇ. ಆದರೆ ಅವತ್ತು ಅವನ ಅಪ್ಪ "ಸರಿ, ನಡಿ" ಅಂದುಬಿಟ್ಟರು. ಎಲ್ಲಿಗೆ ಎಂದು ನಾನು ಕೇಳುವ ಮೊದಲೇ ಮಜ್ಜಿಗೆ ಲೋಟ ಕೆಳಗಿಟ್ಟು ಅತ್ತೆ ಅಂದರು: "ಪಟ್ಣಕ್ಕೆ ಹೋಗಣ. ಹೊಳೆ ನೋಡಿ ಬಹಳ ದಿನ ಆಯ್ತು." ಎರಡು ಚೀಲಕ್ಕೆ ಬಟ್ಟೆ, ಟವೆಲು, ಮಕ್ಕಳ ಸ್ವೆಟರು ತುಂಬಿದೆವು. ಹೊಳೆದಂಡೆಯ ಒಂದು ಸಾಧಾರಣ ವಸತಿಗೃಹಕ್ಕೆ ರೈಲಿನಿಂದಲೇ ಫೋನು ಮಾಡಿದೆವು, ರೂಮು ಸಿಕ್ಕಿತು. ಹದಿನೈದು ಕಿಲೋಮೀಟರು ದೂರದ ಊರಲ್ಲಿ ರಾತ್ರಿ ತಂಗುವುದೇ ಎಂದು ಪಕ್ಕದ ಮನೆಯವರು ಬೆರಗಾಗಿದ್ದರು. ಅಷ್ಟು ಹತ್ತಿರವಾದ್ದರಿಂದಲೇ ಮೈಸೂರಿನವರು ಅಲ್ಲಿ ತಂಗುವುದಿಲ್ಲ, ತಂಗದೆ ಇರುವುದರಿಂದಲೇ ಆ ಊರನ್ನು ನೋಡಿರುವುದೂ ಇಲ್ಲ.

ಸ್ಟೇಷನ್ನಿನ ಹತ್ತಿರವೇ ಇಟ್ಟಿಗೆ ಗಾರೆಯ ಒಂದು ಗಿಡ್ಡ ಕಟ್ಟಡವಿದೆ. ಟಿಪ್ಪುವಿನ ಕಾಲದ ಶಸ್ತ್ರಾಗಾರ. ಅದು ಮೊದಲು ಅಲ್ಲಿರಲಿಲ್ಲ. ಬೆಂಗಳೂರು–ಮೈಸೂರು ಜೋಡಿಹಳಿ ಹಾಕುವಾಗ ಅಡ್ಡ ಬಂತು; ಒಡೆಯಬಾರದು ಅಂತ ತೀರ್ಮಾನವಾಯಿತು. 2017ರಲ್ಲಿ ತಳಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕಿಯಿಂದ ಇಡಿಯಾಗಿ ಎತ್ತಿ, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಸುಮಾರು ನೂರು ಮೀಟರು ಆಚೆಗೆ ಸರಿಸಿ ಕೂರಿಸಿದರು. ಇದನ್ನು ಅವರಪ್ಪ ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳ ಮುಖವೇ ಬೇರೆಯಾಗಿತ್ತು. ಚಿಕ್ಕವನು ಹಳಿಯ ಬೇಲಿಯ ಪಕ್ಕದಿಂದ ಕಟ್ಟಡದವರೆಗೆ ದೊಡ್ಡ ದೊಡ್ಡ ಹೆಜ್ಜೆಯಿಟ್ಟು ಅಳೆದ. ಇಟ್ಟಿಗೆ ಬಿದ್ದಿತ್ತಾ, ಒಳಗೆ ಯಾರಾದ್ರೂ ಇದ್ದರಾ, ಹಾವಿದ್ದರೆ ಅದೂ ಜೊತೆಗೇ ಬಂತಾ... ಪ್ರಶ್ನೆಗಳು ಮುಗಿಯಲೇ ಇಲ್ಲ. ಟಿಪ್ಪು ಯಾರು ಎಂಬ ಪ್ರಶ್ನೆ ಇವೆಲ್ಲ ಆದ ಮೇಲೆ ಬಂತು. ಮಕ್ಕಳಿಗೆ ಚರಿತ್ರೆ ಹೀಗೆ ಮೊದಲು ಒಂದು ವಸ್ತುವಾಗಿ, ಆಮೇಲೆ ಒಂದು ಹೆಸರಾಗಿ ಬಂದರೆ ಉಳಿಯುತ್ತದೆ ಎಂದು ನಾನು ನಂಬುತ್ತೇನೆ.

ಸಂಜೆ ರಂಗನಾಥನ ಗುಡಿ. ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ್ದು, ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಬೆಳೆಸಿದ್ದು. ಕಾವೇರಿಯ ಮೂರು ರಂಗರಲ್ಲಿ ಇವನೇ ಆದಿರಂಗ. ಬಾಗಿಲಲ್ಲಿರುವ ಎರಡು ಕಂಬಗಳಲ್ಲಿ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಕೆತ್ತಿದ್ದಾರೆ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿದೆ ಎಂಬುದರ ಮೇಲೆ ಕೇಶವ, ನಾರಾಯಣ, ಮಾಧವ ಎಂದು ಹೆಸರು ಬದಲಾಗುತ್ತದೆ. ಅತ್ತೆ ಹೆಸರು ಹೇಳುತ್ತಾ ಹೋದರು, ಮಗಳು ಬೆರಳಿಟ್ಟು ಹುಡುಕುತ್ತಾ ಹೋದಳು. ಹಿಂದೆ ದರ್ಶನದ ಸಾಲು ಸರಿಯುತ್ತಲೇ ಇತ್ತು. ನಮಗೆ ಅವಸರವಿರಲಿಲ್ಲ. ಒಳಗೆ ಆದಿಶೇಷನ ಮೇಲೆ ಒರಗಿದ ಸ್ವಾಮಿ, ಪಾದದ ಬಳಿ ಕೂತ ಕಾವೇರಿ. "ಹೊಳೇನೂ ಒಳಗೆ ಬಂದು ಕೂತವ್ಳೆ ನೋಡು" ಎಂದು ಅತ್ತೆ ಮೊಮ್ಮಗನನ್ನು ಎತ್ತಿ ಹಿಡಿದರು.

ಮೈಸೂರು ಸೀಮೆಯ ಅದೆಷ್ಟೋ ಮನೆಗಳಿಗೆ ಈ ಊರು ಕಾರ್ಯಕ್ಕೆ ಹೋಗುವ ಊರು. ಪಶ್ಚಿಮವಾಹಿನಿಯಲ್ಲಿ ಹೊಳೆ ತಿರುಗಿ ಪಡುವಣಕ್ಕೆ ಹರಿಯುತ್ತದೆ, ಅಲ್ಲಿ ಅಸ್ಥಿ ಬಿಡುತ್ತಾರೆ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಅಲ್ಲೇ ಬಿಟ್ಟದ್ದು. ನಮ್ಮ ಮಾವನವರನ್ನು ಕಳಿಸಿಕೊಟ್ಟದ್ದೂ ಅಲ್ಲಿಯೇ. ಅಂದು ಬಾಡಿಗೆ ವ್ಯಾನಿನಲ್ಲಿ ಬಂದು, ಪುರೋಹಿತರು ಹೇಳಿದಂತೆ ಮಾಡಿ, ಒದ್ದೆ ಬಟ್ಟೆಯಲ್ಲೇ ವಾಪಸಾಗಿದ್ದೆವು. ಅತ್ತೆ ಆಮೇಲೆ ಈ ನೀರಿನ ಹತ್ತಿರ ಬಂದಿರಲಿಲ್ಲ. ಗುಡಿಯಿಂದ ನೇರ ಸ್ನಾನಘಟ್ಟಕ್ಕೆ ಬಂದೆವು. ಮಕ್ಕಳು ಮೊಣಕಾಲಿನವರೆಗೆ ಚಡ್ಡಿ ಮಡಚಿಕೊಂಡು ಕೊನೆಯ ಮೆಟ್ಟಿಲಲ್ಲಿ ನಿಂತು ಕಡಲೆಪುರಿ ಎರಚಿದರು. ಮೀನುಗಳು ಮುತ್ತಿಕೊಂಡವು, ಕಾಲಿಗೆ ಕಚಗುಳಿ ಇಟ್ಟವು. ಚಿಕ್ಕವನು ಕಿರುಚಿ ನಗುತ್ತಾ ಮೇಲೆ ಓಡುವನು, ಮತ್ತೆ ಇಳಿಯುವನು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಕಾಲಿಳಿಬಿಟ್ಟು ಕೂತರು. ಸ್ವಲ್ಪ ಹೊತ್ತಿನ ಮೇಲೆ ನನಗೊಬ್ಬಳಿಗೇ ಕೇಳುವಂತೆ ಅಂದರು: "ಅವತ್ತು ನೀರೇ ಕಾಣ್ಲಿಲ್ಲ ಕಣಮ್ಮ ನಂಗೆ. ಎಷ್ಟು ತಿಳಿಯಾಗದೆ ನೋಡು."

ಹತ್ತಿರದ ಊರುಗಳ ಪಾಡೇ ಇದು. ಸಾವಿಗೆ ಹೋಗುತ್ತೇವೆ, ಮದುವೆಗೆ ಹೋಗುತ್ತೇವೆ, ಹರಕೆ ತೀರಿಸಲು, ದೂರದಿಂದ ಬಂದ ನೆಂಟರಿಗೆ ತೋರಿಸಲು ಹೋಗುತ್ತೇವೆ. ಏನೂ ಕೆಲಸವಿಲ್ಲದೆ, ನಮಗೋಸ್ಕರ, ಮಕ್ಕಳ ಕೈ ಹಿಡಿದು ಹೋಗುವುದು ಮಾತ್ರ ತಪ್ಪಿಹೋಗಿರುತ್ತದೆ. ಊಟಿಗೋ ಗೋವಾಕ್ಕೋ ಆದರೆ ಪಟ್ಟಿ ಬರೆದುಕೊಂಡು ಹೊರಡುತ್ತೇವೆ. ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಬೇಕು, ಮಕ್ಕಳನ್ನು ಎಳೆದುಕೊಂಡು ಓಡಬೇಕು. ಇಲ್ಲಿ ಅದು ಬೇಕಿಲ್ಲ. ಇವತ್ತು ಬಿಟ್ಟದ್ದು ಮುಂದಿನ ವಾರವೂ ಅಲ್ಲೇ ಇರುತ್ತದೆ. ಆ ಒಂದು ನೆಮ್ಮದಿಗೆ ಮಕ್ಕಳ ಹೆಜ್ಜೆಗೆ ನಮ್ಮ ಹೆಜ್ಜೆ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಭಾನುವಾರ ಬೆಳಿಗ್ಗೆ ಆಟೋ ಹಿಡಿದು ರಂಗನತಿಟ್ಟು. ಬಾಗಿಲು ತೆಗೆಯುವ ಹೊತ್ತಿಗೇ ಹೋದದ್ದು ಒಳ್ಳೆಯದಾಯಿತು, ಜನ ಇನ್ನೂ ಸೇರಿರಲಿಲ್ಲ. ಬಿದಿರ ಮೆಳೆ ದಾಟುವ ಮೊದಲೇ ಸದ್ದು ಬಂತು. ಮರಿಗಳ ಕೂಗು, ರೆಕ್ಕೆ ಬಡಿತ, ಕೊಕ್ಕಿಗೆ ಕೊಕ್ಕು ತಾಗುವ ಟಕಟಕ, ಎಲ್ಲ ಸೇರಿದ ಒಂದು ಗದ್ದಲ. ದೋಣಿ ಏರಿದೆವು. ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕುತ್ತಾ "ಕೈ ಹೊರಗೆ ಹಾಕಬೇಡಿ ಮಕ್ಕಳೇ" ಅಂದರು. ಯಾಕೆಂಬುದು ಎರಡೇ ನಿಮಿಷಕ್ಕೆ ತಿಳಿಯಿತು. ಬಂಡೆಯ ಮೇಲೆ, ಬಂಡೆಯದೇ ಬಣ್ಣದಲ್ಲಿ, ಬಾಯಿ ತೆರೆದುಕೊಂಡು ಮೊಸಳೆ ಮಲಗಿತ್ತು.

"ಅಣ್ಣ, ಅದಕ್ಕೆ ಹಸಿವಾ?"

"ಇಲ್ಲ ಕಂದ, ಸೆಕೆ. ಬಾಯಿ ತೆಗೆದು ಮೈ ತಣ್ಣಗೆ ಮಾಡ್ಕೊಳ್ತದೆ."

ಮಗ ಆಮೇಲೆ ತುಂಬ ಹೊತ್ತು ಬಾಯಿ ತೆರೆದುಕೊಂಡೇ ಕೂತಿದ್ದ.

ಈ ನಡುಗಡ್ಡೆಗಳು ಹುಟ್ಟಿದ್ದು ಮನುಷ್ಯ ಕಟ್ಟಿದ ಒಂದು ಒಡ್ಡಿನಿಂದ. 1645–48ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಣೆ ಕಟ್ಟಿಸಿದರು. ಅವರು ಗದ್ದೆಗೆ ನೀರು ಹರಿಸಿದ್ದು. ನಡುವೆ ಎದ್ದ ತಿಟ್ಟುಗಳಲ್ಲಿ ಮರ ಬೆಳೆದು ಹಕ್ಕಿಗಳು ಮನೆ ಮಾಡಿದವು. ಪಕ್ಷಿತಜ್ಞ ಸಲೀಂ ಅಲಿ ಕಂಡು, ಮೈಸೂರಿನ ಮಹಾರಾಜರಿಗೆ ಹೇಳಿ, 1940ರಲ್ಲಿ ಇದನ್ನು ಪಕ್ಷಿಧಾಮವಾಗಿಸಿದರು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕಕ್ಕೆ ಅದೇ ಮೊದಲ ರಾಮ್ಸಾರ್ ತಾಣ.

ಫೆಬ್ರವರಿ ಇಲ್ಲಿ ಬಾಣಂತನದ ಕಾಲ. ಬಣ್ಣದ ಕೊಕ್ಕರೆಗಳು ಮರದ ತುದಿಯಲ್ಲೆಲ್ಲ ಕಡ್ಡಿಗೂಡು ಕಟ್ಟಿ ಕೂತಿದ್ದವು. ಹಳದಿ ಕೊಕ್ಕು, ಬಾಲದ ಹತ್ತಿರ ತೆಳು ಗುಲಾಬಿ. ಬಿಸಿಲು ಏರಿದಂತೆ ಒಂದು ತಾಯಿ ಎರಡೂ ರೆಕ್ಕೆ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತು. ಕೆಳಗೆ, ಅದರ ನೆರಳಲ್ಲಿ, ಬಿಳಿ ತುಪ್ಪುಳದ ಮರಿಗಳು. ಮಗಳು ನನ್ನ ಕಡೆ ತಿರುಗಿ ಏನೂ ಹೇಳದೆ ನನ್ನ ಸೆರಗಿನ ತುದಿಯನ್ನು ತಲೆ ಮೇಲೆ ಎಳೆದುಕೊಂಡಳು. ಇನ್ನೊಂದು ಹಕ್ಕಿ ನುಂಗಿ ತಂದ ಮೀನನ್ನು ಗೂಡಿನಲ್ಲಿ ಕಕ್ಕಿತು, ಮರಿಗಳು ಕಿತ್ತಾಡಿದವು. ಚಮಚದಂಥ ಕೊಕ್ಕಿನವು ನೀರು ಕಲಕುತ್ತಿದ್ದವು. ಬಾಯ್ಕಳಕ ಕೊಕ್ಕರೆಯ ಕೊಕ್ಕು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ, ನಡುವೆ ಸಂದು ಇರುತ್ತದೆ. ಬಸವನಹುಳು ತಿನ್ನಲು ಒದಗಿದ ಕೊಕ್ಕು ಅದು. ಬರಿಬಂಡೆಯ ಮೇಲೆ ಹೊಳೆರೀವಗಳು ಗೂಡೂ ಇಲ್ಲದೆ ಮೊಟ್ಟೆಯಿಟ್ಟು ಕಾಯುತ್ತಿದ್ದವು. ಒಂದು ಮರದ ತುಂಬ ಬಾವಲಿ, ತಲೆಕೆಳಗಾಗಿ. ದೋಣಿ ದಡಕ್ಕೆ ಬಂದಾಗ ಇಳಿಯಲು ಇಬ್ಬರೂ ಒಪ್ಪಲಿಲ್ಲ. ಎರಡನೆಯ ಸಲಕ್ಕೆ ಟಿಕೆಟ್ ತೆಗೆದೆವು. ಅದಕ್ಕಿಂತ ಒಳ್ಳೆಯ ಖರ್ಚು ನನಗೆ ನೆನಪಿಲ್ಲ.

ಮಧ್ಯಾಹ್ನ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ, ತೇಗದ ಕಂಬಗಳ ಬೇಸಿಗೆ ಅರಮನೆ. ಮರದ ಚಾವಣಿ, ದಪ್ಪ ಗೋಡೆ, ಒಳಗೆ ಕಾಲಿಟ್ಟರೆ ತಂಪು. ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರಿನ ಯುದ್ಧ. ದೊಡ್ಡವರು ಇದನ್ನು ದೂರ ನಿಂತು ಒಟ್ಟಾಗಿ ನೋಡುತ್ತಾರೆ, ಮಕ್ಕಳು ಹತ್ತಿರ ಹೋಗಿ ಒಂದೊಂದೇ ಕುದುರೆ ಎಣಿಸುತ್ತಾರೆ. ಉರಿದು ಸಿಡಿಯುತ್ತಿರುವ ಮದ್ದಿನ ಬಂಡಿ ಚಿಕ್ಕವನ ಕಣ್ಣಿಗೆ ಬಿತ್ತು. ಪಲ್ಲಕ್ಕಿಯಲ್ಲಿ ಬೆರಳು ಬಾಯಿಗಿಟ್ಟುಕೊಂಡ ಬ್ರಿಟಿಷ್ ದಳಪತಿ ಬೇಲಿ ಮಗಳ ಕಣ್ಣಿಗೆ ಬಿದ್ದ. "ಇವನಿಗೆ ಭಯ ಆಗಿದೆ" ಅಂದಳು. ಗೆದ್ದವನೇ ಬರೆಸಿದ ಚಿತ್ರದಲ್ಲಿ ಸೋತವನ ಮುಖವನ್ನು ಅವಳು ನಿಂತು ನೋಡಿದ್ದು ನನಗೆ ಹಿಡಿಸಿತು.

ಗುಂಬಜ್ ಉಳಿಯಿತು. ಸಂಗಮ ಉಳಿಯಿತು. ನಿಮಿಷಾಂಬ, ಬೇಲಿಯನ್ನೂ ಅವನ ಜೊತೆಯವರನ್ನೂ ಕೂಡಿಹಾಕಿದ್ದ ನೆಲಮಾಳಿಗೆ, ಪೂರ್ಣಯ್ಯನವರ ಕಾಲದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆ ಎಲ್ಲವೂ ಉಳಿದವು. ಸ್ಟೇಷನ್ನಿನ ಹಾದಿಯಲ್ಲಿ ಶುಂಠಿ, ನಿಂಬೆ ಹಾಕಿದ ಕಬ್ಬಿನಹಾಲು ಕುಡಿದೆವು. ಗಾಣದವನು ಮಕ್ಕಳಿಗೆ ಕಬ್ಬಿನ ಜಲ್ಲೆಯ ಎರಡು ಗೆಣ್ಣನ್ನು ಹಾಗೆಯೇ ಕೊಟ್ಟ.

ವಾಪಸ್ ರೈಲಿನಲ್ಲಿ ಮಾತೆಲ್ಲ ಮುಂದಿನ ಸಲದ್ದೇ.

"ಕರಿಘಟ್ಟಕ್ಕೆ ಹೋಗಣ" ಅಂದರು ಅತ್ತೆ. "ನೀವು ಮೆಟ್ಲು ಹತ್ತಿ ಬನ್ನಿ. ನಾನು ಕೆಳಗೆ ಕೂತಿರ್ತೀನಿ."

"ಅಜ್ಜಿ, ಮೇಲೆವರೆಗೂ ರೋಡಿದೆಯಂತೆ. ನೀವು ಆಟೋದಲ್ಲಿ ಬನ್ನಿ."

"ಹಂಗಾದ್ರೆ ನಾನೇ ಮೊದ್ಲು ಮೇಲಿರ್ತೀನಿ."

"ಇಲ್ಲ, ನಾವು ಓಡ್ತೀವಿ!" ಎಂದು ಚಿಕ್ಕವನು ಕಬ್ಬು ಸಿಗಿಯುವುದನ್ನು ನಿಲ್ಲಿಸಿ ಸೀಟಿನ ಮೇಲೆ ಎದ್ದು ನಿಂತ. ಪಂದ್ಯದ ನಿಯಮಗಳು ಗೊತ್ತಾಗುವ ಮೊದಲೇ ಮೈಸೂರು ಬಂತು.