ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು, ಪಕ್ಕದ್ದರಲ್ಲಿ ಯಾಕೆ ಓಡಲಿಲ್ಲ?

ಮಿನಿ ಪ್ರಾಜೆಕ್ಟ್ ಡೆಮೋ ಹಿಂದಿನ ಸಂಜೆ. ನಾವು ಮೂರು ಜನ, ಎರಡು ಲ್ಯಾಪ್‌ಟಾಪ್. ಒಂದರಲ್ಲಿ ವೈಲ್ಡ್‌ಫ್ಲೈ ಸರ್ವರ್, ಅದರೊಳಗೆ ಲೈಬ್ರರಿಯಲ್ಲಿ ಪುಸ್ತಕ ಇದೆಯಾ ಇಲ್ವಾ ಅಂತ ಹೇಳೋ ಒಂದು ಬೀನ್. ಇನ್ನೊಂದರಿಂದ ಅದನ್ನ ಕರೀಬೇಕು. ಅಲ್ಲಿವರೆಗೆ ಎರಡನ್ನೂ ಒಂದೇ ಲ್ಯಾಪ್‌ಟಾಪಲ್ಲಿ ಓಡಿಸಿ ಖುಷಿಯಾಗಿದ್ವಿ. ಕ್ಲೈಂಟನ್ನ ಪಕ್ಕದ್ದಕ್ಕೆ ಹಾಕಿದ್ದೇ ತಡ, ಕೆಂಪು ಅಕ್ಷರ ಶುರು. ಸರಿಹೋಗೋ ಹೊತ್ತಿಗೆ ರಾತ್ರಿ ಹನ್ನೊಂದು.

ಬೀನ್ ಅಂದ್ರೆ ನಾವು ಬರೆದ ಕ್ಲಾಸೇ. ಆದರೆ ಅದಕ್ಕೆ ‘ನ್ಯೂ’ ಹಾಕೋದು ನಾವಲ್ಲ, ಸರ್ವರ್. ಎಷ್ಟು ಆಬ್ಜೆಕ್ಟ್ ಬೇಕು, ಟ್ರಾನ್ಸಾಕ್ಷನ್ ಯಾವಾಗ ಶುರು, ಯಾರು ಕರೀಬಹುದು, ಎಲ್ಲ ಅದರ ಉಸ್ತುವಾರಿ. 2006ರಲ್ಲಿ ಇಜೆಬಿ 3.0 ಬರೋ ಮುಂಚೆ ಇದಕ್ಕೆ ಉದ್ದುದ್ದ ಎಕ್ಸ್‌ಎಮ್‌ಎಲ್ ಬರೀಬೇಕಿತ್ತು. ಈಗ ಕ್ಲಾಸಿನ ಮೇಲೆ @ಸ್ಟೇಟ್‌ಲೆಸ್, ಇಂಟರ್‌ಫೇಸ್ ಮೇಲೆ @ರಿಮೋಟ್, ಅಷ್ಟೇ.

ಡಿಪ್ಲಾಯ್ ಮಾಡೋದು ಸುಲಭ. ಸ್ಟ್ಯಾಂಡ್‌ಅಲೋನ್ ಒಳಗಿನ ಡಿಪ್ಲಾಯ್‌ಮೆಂಟ್ಸ್ ಫೋಲ್ಡರಿಗೆ ಜಾರ್ ಫೈಲ್ ಕಾಪಿ ಮಾಡಿ. ಪಕ್ಕದಲ್ಲಿ ‘.ಡಿಪ್ಲಾಯ್ಡ್’ ಅಂತ ಫೈಲ್ ಬಂದ್ರೆ ಆಯ್ತು, ‘.ಫೇಲ್ಡ್’ ಬಂದ್ರೆ ಅದನ್ನ ತೆರೆದು ಓದಿ. ಆದರೆ ‘.ಡಿಪ್ಲಾಯ್ಡ್’ ಬಂದ ಮಾತ್ರಕ್ಕೆ ಬೀನ್ ಸಿಕ್ಕಿದೆ ಅಂತಲ್ಲ. ನಾವು ಹಳೇ ಟ್ಯುಟೋರಿಯಲ್ ನೋಡಿ ‘ಜಾವಾಎಕ್ಸ್’ ಅಂತ ಇಂಪೋರ್ಟ್ ಮಾಡಿದ್ವಿ. ವೈಲ್ಡ್‌ಫ್ಲೈ 27ರಿಂದ ಬೇಕಾಗಿರೋದು ‘ಜಕಾರ್ತಾ’. ಹಳೇ ಆ್ಯನೊಟೇಶನ್ನು ಸರ್ವರ್ ಕಣ್ಣಿಗೆ ಬೀಳಲ್ಲ, ಎರರ್ ಕೂಡ ಕೊಡಲ್ಲ! ಬೀನ್ ಸಿಕ್ಕಿದ್ರೆ ಲಾಗ್‌ನಲ್ಲಿ ಅದರ ಜೆಎನ್‌ಡಿಐ ಹೆಸರು ಕಾಣಬೇಕು.

ಆ ಹೆಸರನ್ನೇ ಕಾಪಿ ಮಾಡಿ, ತಲೆಯಿಂದ ಬರೀಬೇಡಿ. ಅದರಲ್ಲಿ ಮಾಡ್ಯೂಲ್, ಬೀನ್, ಇಂಟರ್‌ಫೇಸಿನ ಪೂರ್ತಿ ಹೆಸರು ಇರತ್ತೆ. ಬೇರೆ ಸೆಟ್ಟಿಂಗ್ ಇಲ್ಲದಿದ್ರೆ ಜಾರ್ ಫೈಲಿನ ಹೆಸರೇ ಮಾಡ್ಯೂಲ್ ಹೆಸರು. ನಮ್ಮಲ್ಲೊಬ್ಬ ಫೈಲಿಗೆ ‘ಫೈನಲ್2’ ಅಂತ ಸೇರಿಸಿದ್ದ, ಕ್ಲೈಂಟ್ ಹಳೇ ಹೆಸರನ್ನೇ ಹುಡುಕ್ತಿತ್ತು. ತಮಾಷೆ ಅಂದ್ರೆ, ಸ್ಟೇಟ್‌ಲೆಸ್ ಬೀನಿಗೆ ‘ಇಜೆಬಿ:’ ಹೆಸರಲ್ಲಿ ಲುಕಪ್ ಮಾಡಿದ್ರೆ ತಪ್ಪು ಹೆಸರಿಗೂ ಪ್ರಾಕ್ಸಿ ಸಿಗತ್ತೆ. ಮೊದಲ ಮೆಥಡ್ ಕರೆದಾಗಲೇ ಬಣ್ಣ ಬಯಲು. ಹಾಗಾಗಿ ಲುಕಪ್ ಸರಿ ಇದೆ ಅಂತ ನಾವು ಬೇರೆಲ್ಲ ಕಡೆ ಹುಡುಕಿದ್ವಿ.

ಇನ್ನು ಎರಡನೇ ಲ್ಯಾಪ್‌ಟಾಪ್ ಸಮಸ್ಯೆ. ವೈಲ್ಡ್‌ಫ್ಲೈ ಸುಮ್ಮನೆ ಶುರು ಮಾಡಿದ್ರೆ 127.0.0.1ರಲ್ಲಿ ಮಾತ್ರ ಕಿವಿಗೊಡತ್ತೆ, ಅಂದ್ರೆ ತನ್ನ ಮಷೀನಿನ ಮಾತು ಮಾತ್ರ. ಹೊರಗಿಂದ ಬಂದ್ರೆ ‘ಕನೆಕ್ಷನ್ ರೆಫ್ಯೂಸ್ಡ್’. ಶುರು ಮಾಡುವಾಗ ‘-ಬಿ 0.0.0.0’ ಕೊಡಿ, 8080 ಪೋರ್ಟ್ ಹೊರಗೂ ಸಿಗತ್ತೆ. (ಮ್ಯಾನೇಜ್‌ಮೆಂಟಿನ 9990 ಹಾಗೇ ಇರಲಿ, ಹಾಸ್ಟೆಲ್ ವೈಫೈಯಲ್ಲಿ ಅದನ್ನ ತೆರೆಯೋ ಸಾಹಸ ಬೇಡ.)

ಅದಾದ್ಮೇಲೆ ‘ಆಥೆಂಟಿಕೇಶನ್ ಫೇಲ್ಡ್’. ಒಂದೇ ಮಷೀನಲ್ಲಿ ಪಾಸ್‌ವರ್ಡ್ ಕೇಳಿರಲೇ ಇಲ್ವಲ್ಲ! ಕಾರಣ: ಸರ್ವರ್ ಡಿಸ್ಕಿನಲ್ಲಿ ಒಂದು ಗುಟ್ಟಿನ ಫೈಲ್ ಬರೆದಿಡತ್ತೆ, ಅದನ್ನ ಓದಿ ತೋರಿಸಿದ ಕ್ಲೈಂಟ್ ಮನೆಯವನು ಅಂತ ನಂಬತ್ತೆ. ಪಕ್ಕದ ಲ್ಯಾಪ್‌ಟಾಪಿಗೆ ಆ ಡಿಸ್ಕ್ ಎಲ್ಲಿಂದ ಸಿಗ್ಬೇಕು? ಬಿನ್ ಫೋಲ್ಡರಿನ ಆ್ಯಡ್-ಯೂಸರ್ ಸ್ಕ್ರಿಪ್ಟಿನಿಂದ ಯೂಸರ್ ಮಾಡಿ, ಕ್ಲೈಂಟಲ್ಲಿ ಆ ಹೆಸರು, ಪಾಸ್‌ವರ್ಡ್ ಕೊಡಿ. ಮ್ಯಾನೇಜ್‌ಮೆಂಟ್ ಯೂಸರ್ ಅಲ್ಲ, ಅಪ್ಲಿಕೇಶನ್ ಯೂಸರ್. ನಾವು ಮೊದಲು ತಪ್ಪಾದದ್ದನ್ನೇ ಮಾಡಿದ್ವಿ.

ಡೆಮೋದಲ್ಲಿ ಸರ್ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ರೆಸ್ಟ್ ಸಾಕಿತ್ತಲ್ವೇನ್ರಪ್ಪಾ?” ಎರಡೂ ಕಡೆ ಜಾವಾ ಇದ್ದು ಟ್ರಾನ್ಸಾಕ್ಷನ್ನೂ ಜೊತೆಗೇ ದಾಟಬೇಕಂದ್ರೆ ಇಜೆಬಿ, ಬ್ರೌಸರ್, ಮೊಬೈಲ್ ಕರೀಬೇಕಂದ್ರೆ ರೆಸ್ಟ್. ನಮ್ಮ ಲೈಬ್ರರಿಗೆ ರೆಸ್ಟೇ ಸಾಕಿತ್ತು. ಒಪ್ಕೊಂಡ್ವಿ.