ಮೂವತ್ತಮೂರು ಬಾಗಿಲುಗಳ ಲೆಕ್ಕ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ ೩೩ ಬಾಗಿಲುಗಳುಂಟು. ಕ್ರಸ್ಟ್‌ಗೇಟುಗಳೆಂದು ಅವುಗಳ ಹೆಸರು. ಮಳೆಗಾಲದಲ್ಲಿ ಎಷ್ಟು ಗೇಟು ತೆರೆದಿವೆ, ೧೬೩೩ ಅಡಿಯ ಪೂರ್ಣಮಟ್ಟಕ್ಕೆ ನೀರು ಇನ್ನೆಷ್ಟು ಕಡಮೆ ಎಂಬುದನ್ನು ಓದದೆ ಆ ಸೀಮೆಯ ರೈತನು ಪತ್ರಿಕೆಯನ್ನು ಕೆಳಗಿಡುವುದಿಲ್ಲ.

ವಾಚಕರೇ, ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಪ್ರತಿಯೊಂದು ಬಾಗಿಲೂ ಒಂದೋ ತೆರೆದಿರಬೇಕು, ಇಲ್ಲವೇ ಮುಚ್ಚಿರಬೇಕು ಎಂದಿಟ್ಟುಕೊಳ್ಳಿ. ಎಲ್ಲವೂ ಮುಚ್ಚಿರಲು ಒಂದೇ ಬಗೆ. 'ಒಂದು ತೆರೆದಿದೆ' ಎಂಬ ವರದಿಗೆ ೩೩ ಬಗೆ. 'ಎರಡು' ಎಂಬುದಕ್ಕೆ ೫೨೮. 'ಮೂರು' ಎಂಬುದಕ್ಕೆ ೫೪೫೬. 'ಹದಿನಾರು' ಎಂದರೆ ನೂರಹದಿನಾರು ಕೋಟಿಗೂ ಮಿಕ್ಕ ಬಗೆಗಳು! ವರದಿಯಲ್ಲಿ ಕಾಣುವ ಸಂಖ್ಯೆಯು ಸ್ಥೂಲಾವಸ್ಥೆ; ಯಾವ ಯಾವ ಬಾಗಿಲು ಎಂಬ ವಿವರವು ಸೂಕ್ಷ್ಮಾವಸ್ಥೆ. ಯಾರೋ ಕಣ್ಣುಮುಚ್ಚಿ ಬಾಗಿಲುಗಳನ್ನು ತೆರೆದು ಮುಚ್ಚುತ್ತಿದ್ದರೆ, ನಮಗೆ ಬಹುಮಟ್ಟಿಗೆ ಕಾಣುವುದು ಅರ್ಧದಷ್ಟು ತೆರೆದ ಅಣೆಕಟ್ಟೇ. ಅದು ಯಾವ ದೈವದ ಕಟ್ಟಳೆಯೂ ಅಲ್ಲ. ಅದಕ್ಕೆ ಬಗೆಗಳು ಹೆಚ್ಚು, ಅಷ್ಟೆ.

ನಿಜವಾದ ಗೇಟುಗಳನ್ನು ಎಂಜಿನಿಯರರು ಕಣ್ಣುಬಿಟ್ಟೇ ನಡೆಸುತ್ತಾರೆನ್ನಿ. ನೀರಿನ ಅಣುಗಳಿಗೆ ಅಂಥ ಕಾವಲಿಲ್ಲ. ಒಂದು ಚಮಚ ನೀರಿನಲ್ಲಿರುವ ಅಣುಗಳು ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟ ಸಂಖ್ಯೆಯನ್ನೂ ಮೀರುತ್ತವೆ. ಒಂದೊಂದೂ ಎಲ್ಲಿದೆ, ಎತ್ತ ಓಡುತ್ತಿದೆ ಎಂಬುದು ಸೂಕ್ಷ್ಮಾವಸ್ಥೆ. ನಮ್ಮ ಕೈಗೆ ಸಿಕ್ಕುವುದು ಉಷ್ಣಮಾನ, ಒತ್ತಡ, ಗಾತ್ರ ಇಷ್ಟೇ. ಒಂದು ಸ್ಥೂಲಾವಸ್ಥೆಗೆ ಎಷ್ಟು ಸೂಕ್ಷ್ಮಾವಸ್ಥೆಗಳಿವೆಯೆಂದು ಎಣಿಸಿದ ಲೆಕ್ಕಕ್ಕೇ ಎಂಟ್ರೊಪಿ ಎಂಬ ಪರಿಮಾಣವು ಕಟ್ಟುಬಿದ್ದಿದೆ. ಈ ಸಂಬಂಧವನ್ನು ಕಂಡುಹಿಡಿದವನು ಲುಡ್ವಿಗ್ ಬೋಲ್ಟ್ಸ್‌ಮನ್. ಅಣುಗಳನ್ನೇ ನಂಬದ ಪಂಡಿತರೊಡನೆ ವಾದಿಸುತ್ತ ಬಾಳಿದ ಆತನು ೧೯೦೬ರಲ್ಲಿ ತೀರಿಕೊಂಡನು. ವಿಯೆನ್ನಾದಲ್ಲಿ ಆತನ ಸಮಾಧಿಯ ಮೇಲೆ ಇದೇ ಸೂತ್ರವನ್ನು ಕೆತ್ತಿದ್ದಾರೆ.

೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿಯು ಕಡಿದು, ಗೇಟೇ ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಎಲ್ಲವೂ ತೆರೆದಿರಲು ಇರುವುದು ಒಂದೇ ಬಗೆ; ಕುರುಡು ಆಟದಲ್ಲಿ ಅದು ಒದಗುವುದು ಎಂಟುನೂರು ಕೋಟಿಗೂ ಮೇಲ್ಪಟ್ಟ ಬಗೆಗಳಲ್ಲೊಂದಾಗಿ! ಭತ್ತದ ಬೆಳೆಗೆಂದು ಕೂಡಿಟ್ಟ ನೀರು ಕಣ್ಣೆದುರಿಗೇ ಹರಿದುಹೋಗುತ್ತಿರುವಾಗ ರೈತರ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಹೇಳಬೇಕಾಗಿಲ್ಲ.

ಹಾಗೆ ಬಿದ್ದ ನೀರಿನ ಶಕ್ತಿಯು ಎಲ್ಲಿ ಹೋಯಿತು? ನಾಶವಾಗಲಿಲ್ಲ. ನೂರು ಅಡಿ ಬಿದ್ದು ನಿಂತ ನೀರು ಒಂದು ಡಿಗ್ರಿ ಸೆಂಟಿಗ್ರೇಡಿನ ಸುಮಾರು ಹದಿನಾಲ್ಕರಲ್ಲೊಂದು ಪಾಲು ಬಿಸಿಯಾಗುತ್ತದೆ. ಕಂಪ್ಲಿಯ ಹೊಳೆಯಲ್ಲಿ ಕೈಯಿಟ್ಟರೆ ಅದು ತಿಳಿಯುವಂಥದಲ್ಲ. ಒಟ್ಟಾಗಿ ಒಂದೇ ಕಡೆಗೆ ಧುಮುಕಿದ ಅಣುಗಳು ಈಗ ದಿಕ್ಕಾಪಾಲಾಗಿ ಅಲೆಯುತ್ತಿವೆ. ಅವೆಲ್ಲವೂ ಮತ್ತೆ ಒಮ್ಮನಸ್ಸಾಗಿ, ಅಷ್ಟು ಬಿಸಿಯನ್ನು ಬಿಟ್ಟುಕೊಟ್ಟು, ಅಣೆಕಟ್ಟಿನ ಮೇಲಕ್ಕೆ ನೆಗೆದರೆ ಶಕ್ತಿಯ ಲೆಕ್ಕದಲ್ಲಿ ತಪ್ಪೇನೂ ಬರುವುದಿಲ್ಲ. ಆದರೂ ನೆಗೆಯುವುದಿಲ್ಲ. ಚದರಿ ಅಲೆಯುವುದಕ್ಕೆ ಇರುವ ಬಗೆಗಳ ಮುಂದೆ, ಕೂಡಿ ಮೇಲೇರುವುದಕ್ಕೆ ಇರುವ ಬಗೆಗಳು ಸಮುದ್ರದ ಮುಂದಣ ಹನಿಯೂ ಅಲ್ಲ.

ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಹೋದ ನೀರನ್ನು ಮರಳಿ ಎತ್ತುವ ಕೆಲಸವು ಮಾತ್ರ ಸೂರ್ಯನದು. ಆತನು ಕಡಲನ್ನು ಕಾಯಿಸಿ ಎತ್ತಿದ ಆವಿಯೇ ಮಲೆನಾಡಿನಲ್ಲಿ ಮಳೆಯಾಗಿ ಸುರಿದು, ತುಂಗೆಯಲ್ಲಿಯೂ ಭದ್ರೆಯಲ್ಲಿಯೂ ಹರಿದು ಬಂದು, ಆ ವರ್ಷವೇ ಜಲಾಶಯವನ್ನು ಮತ್ತೆ ತುಂಬಿಸಿತು.